ಲ್ಯೂರ್ ಗಾಳದ ವಿದ್ಯೆ ಬರಲಿ, ಬಾಸ್ ಮೀನು ಬೇಡ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಗೋವಾದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ಹುಡುಗರಲ್ಲಿ, ವಿಶೇಷವಾಗಿ ವಾಸ್ಕೊ, ಫೋಂಡಾ, ಮಾಪುಸಾ ಸುತ್ತಮುತ್ತ ದುಡಿಯುವ ಯುವಕರಲ್ಲಿ, ಲ್ಯೂರ್, ಅಂದರೆ ಕೃತಕ ಎರೆ, ಹಾಕಿ ಮೀನು ಹಿಡಿಯುವ ಹವ್ಯಾಸ ಬೆಳೆಯುತ್ತಿರುವುದನ್ನು ನಾನು ಸಂತೋಷದಿಂದ ನೋಡುತ್ತಿದ್ದೇನೆ. ಎರೆಹುಳು ಚುಚ್ಚಿ, ಬೆಂಡು ತೇಲಿಬಿಟ್ಟು ಕಾದು ಕೂರುವ ಗಾಳ ನಮ್ಮವರಿಗೆ ಹೊಸದೇನಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯ ಊರುಗಳಿಂದ ಇಲ್ಲಿಗೆ ದುಡಿಯಲು ಬಂದವರಲ್ಲಿ ಚಿಕ್ಕಂದಿನಲ್ಲಿ ಗಾಳದ ಕೋಲು ಹಿಡಿಯದವರು ಕಡಿಮೆ. ಆದರೆ ಜೀವವಿಲ್ಲದ ರಬ್ಬರಿನ ಹುಳುವನ್ನೋ ಮರದ ಮೀನನ್ನೋ ನೀರಿಗೆ ಎಸೆದು, ಜೀವ ಬಂದಂತೆ ಅದನ್ನು ಆಡಿಸಿ, ಬೇಟೆಗಾರ ಮೀನನ್ನು ಕೆಣಕಿ ಹಿಡಿಯುವ ಈ ವಿದ್ಯೆ ಬೇರೆಯದೇ. ಇದನ್ನು ನಮ್ಮ ಹುಡುಗರು ಕಲಿಯುತ್ತಿರುವುದು ಬಹುಪಾಲು ಅಮೆರಿಕ ಮತ್ತು ಜಪಾನಿನ ಬಾಸ್ ಮೀನುಗಾರರ ವಿಡಿಯೊಗಳಿಂದ. ಆ ವಿಡಿಯೊಗಳ ಜೊತೆಯಲ್ಲೇ ‘ನಮ್ಮ ಕೆರೆಗಳಿಗೂ ಬಾಸ್ ಮರಿ ತಂದು ಬಿಟ್ಟರೆ ಏನಾಗುತ್ತದೆ’ ಎಂಬ ಆಸೆಯೂ ಹುಟ್ಟುತ್ತಿದೆ. ವಿದ್ಯೆಯನ್ನು ಮನಸಾರೆ ಸ್ವಾಗತಿಸಬೇಕು, ಆ ಆಸೆಯನ್ನು ಮಾತ್ರ ಮೊಳಕೆಯಲ್ಲೇ ಚಿವುಟಬೇಕು ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ವಿದ್ಯೆಯ ಮಾತು. ದೊಡ್ಡ ಬಾಯಿಯ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಅದರ ಮೇಲ್ದವಡೆ ಕಣ್ಣನ್ನೂ ದಾಟಿ ಹಿಂದಕ್ಕೆ ಚಾಚಿರುತ್ತದೆ. ಬಾಯಿ ತೆರೆದರೆ ನೀರಿನ ಸಮೇತ ಬೇಟೆಯನ್ನು ಒಳಗೆಳೆದುಕೊಳ್ಳುತ್ತದೆ. ಬೇಟೆಯನ್ನು ಅಟ್ಟಿಸಿಕೊಂಡು ಬಹುದೂರ ಹೋಗುವ ಸ್ವಭಾವ ಅದಕ್ಕಿಲ್ಲ. ಜೊಂಡಿನ ಅಂಚು, ಮುಳುಗಿದ ಮರದ ಕೊಂಬೆ, ಕಲ್ಲಿನ ಸಂದು, ದಂಡೆಯ ನೆರಳು, ಇಂಥ ಕಡೆ ಹೊಂಚುಹಾಕಿ ನಿಂತು ಹತ್ತಿರ ಬಂದದ್ದನ್ನು ಹಿಡಿಯುತ್ತದೆ. ಅಮೆರಿಕದ ರೈತರ ಜಮೀನುಗಳಲ್ಲಿ ಮಳೆನೀರು ನಿಲ್ಲಿಸಲು ಕಟ್ಟಿದ ಸಣ್ಣ ಕೊಳಗಳಲ್ಲಿ ಬಾಸ್ ಮತ್ತು ಅದರ ಆಹಾರವಾದ ಬ್ಲೂಗಿಲ್ ಎಂಬ ಸಣ್ಣ ಮೀನನ್ನು ಒಟ್ಟಿಗೆ ಬೆಳೆಸುವ ಪದ್ಧತಿ ಇದೆ. ಅಲಬಾಮಾದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ಈ ಎರಡು ಮೀನುಗಳ ಪ್ರಮಾಣ ಹೇಗಿದ್ದರೆ ಕೊಳ ಸಮತೋಲದಲ್ಲಿ ಉಳಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅಲ್ಲಿನ ಎಷ್ಟೋ ಮಕ್ಕಳು ಮೊದಲ ಬಾಸ್ ಹಿಡಿಯುವುದು ಇಂಥ ಕೊಳಗಳಲ್ಲೇ. ಹೊಸಬನಿಗೆ ಸಣ್ಣ ಕೊಳ ಒಳ್ಳೆಯದು ಎನ್ನಲು ಕಾರಣ ಸರಳವಾಗಿದೆ: ದೋಣಿ ಬೇಕಿಲ್ಲ, ನೀರಿನ ಬಹುಭಾಗ ದಂಡೆಯಿಂದಲೇ ಕೈಗೆಟುಕುತ್ತದೆ, ಮತ್ತು ಮೀನು ಇರಬಹುದಾದ ಜಾಗಗಳು ಕೆಲವೇ ಆಗಿರುವುದರಿಂದ, ಎಸೆತ ಎಲ್ಲಿ ಬಿದ್ದಿತು, ಮೀನು ಏಕೆ ಬಂತು ಅಥವಾ ಏಕೆ ಬರಲಿಲ್ಲ ಎಂಬ ವಿಚಾರಕ್ಕೆ ಉತ್ತರ ಬೇಗ ಸಿಗುತ್ತದೆ. ಈಜು ಕಲಿಯುವ ಮಗುವನ್ನು ಯಾರೂ ತುಂಬಿದ ಹೊಳೆಗೆ ಇಳಿಸುವುದಿಲ್ಲ. ಮಾಂಡವಿಯ ಅಳಿವೆಯಲ್ಲಿ ನಿಂತು ಇಡೀ ದಿನ ಎಸೆದು ಒಂದು ಕಚ್ಚನ್ನೂ ಕಾಣದೆ ರಾಡ್ ಮಾರಿಬಿಡುವ ಹುಡುಗನಿಗಿಂತ, ಊರ ಪಕ್ಕದ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಂತು ಒಂದು ಅಂಗೈಯಗಲದ ಮೀನನ್ನು ಕಂಡ ಹುಡುಗ ಹೆಚ್ಚು ಕಲಿಯುತ್ತಾನೆ.

ಸಲಕರಣೆಯ ವಿಷಯದಲ್ಲಿ ಹೊಸಬರು ಅನಗತ್ಯವಾಗಿ ದುಡ್ಡು ಸುರಿಯುವುದನ್ನು ಕಂಡಾಗ ನೋವಾಗುತ್ತದೆ. ಆರೂವರೆಯಿಂದ ಏಳು ಅಡಿ ಉದ್ದದ, ಮಧ್ಯಮ ಬಲದ ಒಂದು ಸ್ಪಿನ್ನಿಂಗ್ ರಾಡ್, 2500 ಅಥವಾ 3000 ಅಳತೆಯ ಒಂದು ರೀಲ್, ಹೆಣೆದ ದಾರ ಮತ್ತು ಅದರ ತುದಿಗೆ ಕಟ್ಟಲು ಒಂದು ಮಾರುದ್ದದ ನೈಲಾನ್ ಲೀಡರ್ ಇದ್ದರೆ ಮೊದಲ ವರ್ಷಕ್ಕೆ ಸಾಕು. ವಿಡಿಯೊಗಳಲ್ಲಿ ಪಳಗಿದವರು ಬಳಸುವ ಬೇಟ್‌ಕಾಸ್ಟಿಂಗ್ ರೀಲ್ ನೋಡಲು ಚೆಂದ, ಆದರೆ ಹೆಬ್ಬೆರಳಿನ ಹತೋಟಿ ಬರುವ ತನಕ ದಾರ ಹಕ್ಕಿಗೂಡಾಗಿ ಸಿಕ್ಕು ಬೀಳುತ್ತದೆ. ಅದನ್ನು ಮುಂದಕ್ಕೆ ಇಟ್ಟುಕೊಳ್ಳುವುದು ಲೇಸು. ಲ್ಯೂರ್‌ಗಳೂ ಅಷ್ಟೇ, ಡಬ್ಬಿ ತುಂಬ ಬೇಡ. ಫಿನ್ಲೆಂಡಿನ ಬಡ ಮೀನುಗಾರ ಲಾರಿ ರಾಪಾಲ 1936ರಲ್ಲಿ ಕೆತ್ತಿದ, ಗಾಯಗೊಂಡ ಮರಿಮೀನಿನಂತೆ ತಡವರಿಸುತ್ತ ಈಜುವ ತೇಲು ಮೀನು ಒಂದು; 1949ರಲ್ಲಿ ಓಹಿಯೊದ ನಿಕ್ ಕ್ರೀಮ್ ಎರಕ ಹೊಯ್ದು ಮಾಡಿದ ಮೆತ್ತನೆಯ ಪ್ಲಾಸ್ಟಿಕ್ ಹುಳು ಇನ್ನೊಂದು; ಜೊತೆಗೆ ಒಳಗೆ ಟೊಳ್ಳಾದ ರಬ್ಬರ್ ಕಪ್ಪೆ. ಈ ಮೂರು ಬಗೆಯನ್ನು ಆಡಿಸಲು ಬಂದರೆ ಸಣ್ಣ ಕೆರೆಯ ಬಹುಪಾಲು ಕೆಲಸ ನಡೆಯುತ್ತದೆ.

ಪ್ಲಾಸ್ಟಿಕ್ ಹುಳುವನ್ನು ಗಾಳಕ್ಕೆ ಪೋಣಿಸುವ ಕ್ರಮವನ್ನು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರ ಅರ್ಧ ತೊಂದರೆ ಇಲ್ಲೇ ಹುಟ್ಟುತ್ತದೆ. ಕತ್ತಿನ ಬಳಿ ಮಡಿಕೆ ಇರುವ ಅಗಲ ಬಾಯಿಯ ಗಾಳವನ್ನು ತೆಗೆದುಕೊಳ್ಳಬೇಕು. ಅದರ ಮೊನೆಯನ್ನು ಹುಳುವಿನ ತಲೆಯ ನಟ್ಟನಡುವೆ ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ ಪಕ್ಕಕ್ಕೆ ಹೊರತೆಗೆದು, ಹುಳುವನ್ನು ಗಾಳದ ಮಡಿಕೆಯ ತನಕ ಮೇಲಕ್ಕೆ ಸರಿಸಿ, ಗಾಳವನ್ನು ಅರ್ಧ ಸುತ್ತು ತಿರುಗಿಸಬೇಕು. ಆಗ ಹುಳುವನ್ನು ನೆಟ್ಟಗೆ ಇಳಿಬಿಟ್ಟು, ಗಾಳದ ಬಾಗು ಅದರ ಮೈಯ ಯಾವ ಜಾಗಕ್ಕೆ ಬರುತ್ತದೆ ಎಂದು ಕಣ್ಣಳತೆಯಲ್ಲಿ ಗುರುತಿಸಿ, ಸರಿಯಾಗಿ ಅಲ್ಲೇ ಮೊನೆಯನ್ನು ತೂರಿಸಿ ಆಚೆಗೆ ತಂದು, ಕೊನೆಯಲ್ಲಿ ಮೊನೆಯ ತುದಿಯನ್ನು ಪ್ಲಾಸ್ಟಿಕ್ಕಿನ ತೊಗಲಿನಡಿ ಕೂದಲೆಳೆಯಷ್ಟು ಅಡಗಿಸಬೇಕು. ಹೀಗೆ ಮಾಡಿದ ಹುಳು ಜೊಂಡಿನ ನಡುವೆ, ತಾವರೆಯ ದಂಟುಗಳ ನಡುವೆ ಸಿಕ್ಕಿಕೊಳ್ಳದೆ ಜಾರುತ್ತದೆ. ಮೀನು ಕಚ್ಚಿ ರಾಡ್ ಎತ್ತಿದಾಗ ಮಾತ್ರ ಮೊನೆ ಹೊರಬರುತ್ತದೆ. ಹುಳು ಸ್ವಲ್ಪ ಸೊಟ್ಟಗಾದರೂ ನೀರಿನಲ್ಲಿ ಗಿರಗಿರ ತಿರುಗಿ ದಾರವನ್ನು ಹುರಿಗೊಳಿಸುತ್ತದೆ, ಅದನ್ನು ಕಂಡರೆ ಬಿಚ್ಚಿ ಮತ್ತೆ ಪೋಣಿಸಬೇಕು. ಗಂಟು ಬಿಗಿಯುವ ಮುನ್ನ ದಾರವನ್ನು ಎಂಜಲಿನಿಂದ ಒದ್ದೆ ಮಾಡುವುದನ್ನು ಮರೆಯಬಾರದು, ಒಣ ನೈಲಾನ್ ಉಜ್ಜಿದರೆ ಬಿಸಿಯಾಗಿ ಗಂಟಿನ ಬಳಿಯೇ ದುರ್ಬಲವಾಗುತ್ತದೆ. ಸಣ್ಣ ಕೆರೆಯಲ್ಲಿ ಸೀಸದ ಭಾರವೂ ಬೇಕಾಗುವುದಿಲ್ಲ. ತನ್ನ ತೂಕಕ್ಕೇ ಹುಳು ನಿಧಾನವಾಗಿ ತಳಕ್ಕಿಳಿಯಲಿ. ಹೆಚ್ಚಿನ ಕಚ್ಚುಗಳು ಆ ಇಳಿಯುವ ಹೊತ್ತಿನಲ್ಲೇ ಬರುತ್ತವೆ, ಆದ್ದರಿಂದ ಕಣ್ಣು ದಾರ ನೀರನ್ನು ಸೇರುವ ಜಾಗದ ಮೇಲಿರಬೇಕು. ದಾರ ಪಕ್ಕಕ್ಕೆ ಸರಿದರೆ, ಅಥವಾ ಇಳಿಯಬೇಕಾದಷ್ಟು ಇಳಿಯದೆ ನಿಂತರೆ, ಅದೇ ಸೂಚನೆ.

ಕೆರೆಯನ್ನು ಓದುವ ಕಲೆಗೆ ನಮ್ಮ ರೈತರ ಮಕ್ಕಳಿಗೆ ಹೊರಗಿನವರ ಪಾಠ ಹೆಚ್ಚು ಬೇಕಿಲ್ಲ. ಏರಿ ಎಲ್ಲಿದೆ, ತೂಬು ಎಲ್ಲಿದೆ, ಕೋಡಿ ಎಲ್ಲಿ ಬೀಳುತ್ತದೆ, ಹಳ್ಳದ ನೀರು ಯಾವ ಮೂಲೆಯಿಂದ ಒಳಬರುತ್ತದೆ ಎಂಬುದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ತೂಬಿನ ಬಳಿ ಆಳವಿರುತ್ತದೆ, ಒಳಹರಿವಿನ ಬಳಿ ತಂಪು ನೀರೂ ಆಹಾರವೂ ಇರುತ್ತವೆ, ಏರಿಯ ಕಲ್ಲುಕಟ್ಟಡದ ಉದ್ದಕ್ಕೂ ಮರಿಮೀನು ಸುಳಿದಾಡುತ್ತದೆ. ವಿಡಿಯೊ ನೋಡಿ ಬಂದ ಹುಡುಗ ನೇರವಾಗಿ ನೀರಂಚಿಗೆ ಹೋಗಿ ನಿಂತು ಕೆರೆಯ ನಡುವಿಗೆ ಬಲವಾಗಿ ಎಸೆಯುತ್ತಾನೆ. ಮೀನು ಇದ್ದದ್ದು ಅವನ ಕಾಲ ಬುಡದಲ್ಲಿ, ಅದು ಅವನ ಹೆಜ್ಜೆಯ ಸದ್ದಿಗೇ ಓಡಿಹೋಗಿರುತ್ತದೆ. ದಂಡೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ನೆರಳು ನೀರಿಗೆ ಬೀಳದಂತೆ ನೋಡಿಕೊಂಡು, ಮೊದಲ ಎಸೆತಗಳನ್ನು ದಂಡೆಗೆ ಸಮಾನಾಂತರವಾಗಿ ಹಾಕಬೇಕು. ನಸುಕು ಮತ್ತು ಇಳಿಹೊತ್ತು ಒಳ್ಳೆಯ ಸಮಯ. ಗಾಳಿ ಬೀಸುವ ದಿನ ಗಾಳಿ ಬಡಿಯುವ ದಂಡೆಯೇ ಉತ್ತಮ, ಎಸೆಯಲು ಕಷ್ಟವಾದರೂ.

ಈಗ ನಮ್ಮ ಮೀನುಗಳ ವಿಚಾರಕ್ಕೆ ಬರುತ್ತೇನೆ. ಬಾಸ್‌ಗೆಂದು ಹುಟ್ಟಿದ ಈ ಎಲ್ಲ ಕೌಶಲಕ್ಕೂ ನಮ್ಮ ನೀರಿನಲ್ಲೇ ತಕ್ಕ ಎದುರಾಳಿಗಳಿದ್ದಾರೆ. ಸಿಹಿನೀರಿನ ಕೆರೆಗಳಲ್ಲಿ ಕೊರವ, ಅಂದರೆ ಮರಾಠಿ ಸ್ನೇಹಿತರು ಮರಳ್ ಎನ್ನುವ, ಹಾವಿನ ತಲೆಯಂಥ ತಲೆಯುಳ್ಳ ಮೀನು. ಗೋವಾದ ಉಪ್ಪು ಬೆರೆತ ಹಿನ್ನೀರಿನಲ್ಲಿ ಚೊಣಕ್, ಅಂದರೆ ಇಂಗ್ಲಿಷಿನಲ್ಲಿ ಏಷ್ಯನ್ ಸೀಬಾಸ್ ಎನ್ನುವ ಮೀನು. ಚೊಣಕ್ ಅಮೆರಿಕದ ಬಾಸ್‌ನ ಕುಲಕ್ಕೆ ಸೇರಿದ್ದಲ್ಲ, ಆದರೆ ಹೊಂಚುಹಾಕುವ ರೀತಿಯಲ್ಲಿ, ಬಾಯಿಯ ಹೀರುವಿಕೆಯಲ್ಲಿ ಅದಕ್ಕೆ ಸರಿಸಮ, ಬಲದಲ್ಲಿ ಅದಕ್ಕಿಂತ ಬಹಳ ಮೇಲು. ಕೊರವ ಗಾಳಿಯನ್ನೇ ಉಸಿರಾಡುವ ಮೀನಾದ್ದರಿಂದ ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಮುಳುಗುತ್ತದೆ. ಆ ಸಣ್ಣ ಸದ್ದು, ಆ ಉಂಗುರ ಕಂಡ ಜಾಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದರಾಚೆಗೆ ರಬ್ಬರ್ ಕಪ್ಪೆಯನ್ನು ಎಸೆದು ಅಂತರಗಂಗೆಯ ಎಲೆಗಳ ಮೇಲಿಂದ ನಡೆಸಿಕೊಂಡು ಬರಬೇಕು. ಎಲೆಯ ಅಂಚಿಗೆ ಬಂದಾಗ ಕಪ್ಪೆಯನ್ನು ನಿಲ್ಲಿಸಿಬಿಡಬೇಕು. ನೀರು ಒಡೆದು ಕಪ್ಪೆ ಮಾಯವಾಗುತ್ತದೆ. ಆ ಕ್ಷಣಕ್ಕೆ ಬೆಚ್ಚಿಬಿದ್ದು ರಾಡ್ ಎಳೆಯುವುದು ಮನುಷ್ಯ ಸಹಜ, ಆದರೆ ಎಳೆದರೆ ಕಪ್ಪೆ ಬರಿದೇ ಹಾರಿಬರುತ್ತದೆ. ಮೀನು ಕಪ್ಪೆಯನ್ನು ಬಾಯಲ್ಲಿ ಒತ್ತಿಕೊಂಡು ತಿರುಗಿ, ಅದರ ಭಾರ ಕೈಗೆ ತಾಗಿದ ಮೇಲೆ ಬಲವಾಗಿ ಎತ್ತಬೇಕು, ಮತ್ತು ಎತ್ತಿದ ಮೇಲೆ ಜೊಂಡಿನೊಳಗೆ ತಲೆ ಹಾಕಲು ಬಿಡಬಾರದು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಬಾಸ್‌ನ ಬಾಯಲ್ಲಿರುವುದು ಮರಳು ಕಾಗದದಂಥ ಸಣ್ಣ ಹಲ್ಲುಗಳು. ಆದ್ದರಿಂದ ಅಮೆರಿಕದವರು ಅದರ ಕೆಳದವಡೆಯೊಳಗೆ ಹೆಬ್ಬೆರಳಿಟ್ಟು ಎತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ನೋಡಿ ಕೊರವದ ಬಾಯಿಗೆ ಬೆರಳಿಟ್ಟರೆ ಬೆರಳು ಹರಿದುಹೋಗುತ್ತದೆ, ಅದರ ಹಲ್ಲುಗಳು ಚೂಪು. ಚೊಣಕ್‌ನ ಹಲ್ಲು ಅಷ್ಟು ಅಪಾಯವಲ್ಲ, ಆದರೆ ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ತಲೆ ಕೊಡವಿದಾಗ ತೆಳು ದಾರವನ್ನೂ ಕೊಯ್ಯುತ್ತದೆ, ಅಜಾಗರೂಕ ಕೈಯನ್ನೂ ಕೊಯ್ಯುತ್ತದೆ. ಆದ್ದರಿಂದಲೇ ಚೊಣಕ್ ಇರುವ ನೀರಿನಲ್ಲಿ ದಪ್ಪ ಲೀಡರ್ ಬೇಕು, ಉದ್ದ ಮೂತಿಯ ಇಕ್ಕಳ ಸೊಂಟದಲ್ಲಿರಬೇಕು. ಗಾಳದ ಮುಳ್ಳನ್ನು ಅದೇ ಇಕ್ಕಳದಿಂದ ಮೊದಲೇ ಚಪ್ಪಟೆ ಮಾಡಿಕೊಂಡರೆ ಮೀನಿಗೂ ಒಳ್ಳೆಯದು, ನಮ್ಮ ಬೆರಳಿಗೆ ಚುಚ್ಚಿದಾಗ ತೆಗೆಯುವ ವೈದ್ಯರಿಗೂ ಒಳ್ಳೆಯದು.

ಹಿಡಿದದ್ದನ್ನು ತಿನ್ನಬಾರದು ಎಂದು ನಾನು ಹೇಳುವುದಿಲ್ಲ. ಗೋವಾದಲ್ಲಿ ಚೊಣಕ್ ರವಾ ಫ್ರೈ ಬೇಡವೆನ್ನುವವರು ಯಾರು! ಆದರೆ ಯಾವುದನ್ನು ತಿನ್ನಬೇಕು ಎಂಬ ವಿವೇಕ ಬೇಕು. ಚೊಣಕ್ ಹುಟ್ಟಿ ಬೆಳೆದು ಮೊದಲು ಗಂಡಾಗಿ ಪ್ರೌಢವಾಗುತ್ತದೆ. ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಅದೇ ಮೀನು ಹೆಣ್ಣಾಗುತ್ತದೆ. ಹೀಗಾಗಿ ಅತಿ ದೊಡ್ಡ ಚೊಣಕ್ ಎಂದರೆ ಬಹುತೇಕ ತಾಯಿಮೀನು, ಲಕ್ಷಗಟ್ಟಲೆ ಮೊಟ್ಟೆಯನ್ನು ಅಳಿವೆಯ ಬಾಯಲ್ಲಿ ಇಡುವಂಥದ್ದು. ಅದನ್ನು ನೀರಿಗೆ ಬಿಟ್ಟು ಮಧ್ಯಮ ಗಾತ್ರದ ಒಂದನ್ನು ಮನೆಗೊಯ್ಯುವುದು ಸರಿಯಾದ ಕ್ರಮ. ಕೊರವದಲ್ಲಿ ನಿಯಮ ಬೇರೆ: ಮಳೆ ಶುರುವಾದ ಮೇಲೆ ಕೆಂಪು ಛಾಯೆಯ ಮರಿಗಳ ಗುಂಪು ನೀರಿನ ಮೇಲ್ಮೈಯಲ್ಲಿ ಕುದಿಯುವಂತೆ ಕಾಣುತ್ತದೆ, ತಂದೆತಾಯಿ ಅದರ ಕೆಳಗೇ ಕಾವಲು ನಿಂತಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಸೆದರೆ ಅವು ಕೋಪದಿಂದ ಹೊಡೆಯುತ್ತವೆ, ಹಿಡಿಯುವುದು ಬಹಳ ಸುಲಭ. ಹಿಡಿದು ತಂದ ಬಳಿಕ ಆ ಮರಿಗಳು ಜಿಲೇಬಿ ಮೀನಿನ ಬಾಯಿಗೆ ಬೀಳುತ್ತವೆ. ಇಂಥ ಎಸೆತವನ್ನು ನಮ್ಮ ಹುಡುಗರು ಒಬ್ಬರೂ ಹಾಕಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹೀಗೆ ಕಲಿಯಲು ಬೇಕಾದ ಮೀನುಗಳು ಮನೆಬಾಗಿಲಲ್ಲಿ ಇರುವಾಗ ಬಾಸ್ ಏಕೆ ಬೇಕು? ‘ಒಂದು ಖಾಸಗಿ ಕೊಳದಲ್ಲಿ ಬಿಟ್ಟರೆ ಯಾರಿಗೇನು ನಷ್ಟ’ ಎಂಬ ವಾದವನ್ನು ನಾನು ಕೇಳಿದ್ದೇನೆ. ಜಪಾನಿನ ಅನುಭವವನ್ನು ಈ ವಾದ ಮಾಡುವವರು ಗಮನಿಸಬೇಕು. 1925ರಲ್ಲಿ ತೆತ್ಸುಮಾ ಅಕಾಬೋಶಿ ಎಂಬ ಉದ್ಯಮಿ ಅಮೆರಿಕದಿಂದ ಬಾಸ್ ತಂದು ಆಶಿ ಸರೋವರದಲ್ಲಿ ಬಿಟ್ಟರು. ಸುತ್ತ ಬೆಟ್ಟಗಳಿರುವ ಒಂದು ಸರೋವರದಲ್ಲಿ ಶುರುವಾದ ಆ ಮೀನು, ಕಾಲಾಂತರದಲ್ಲಿ ಹವ್ಯಾಸಿಗಳ ಕೈಯಿಂದ ಕೈಗೆ ದಾಟಿ ದೇಶದ ಉದ್ದಗಲಕ್ಕೂ ಹರಡಿತು. ಜಗತ್ತಿನ ಅತಿ ದೊಡ್ಡ ಬಾಸ್‌ನ ದಾಖಲೆ ಅಮೆರಿಕದ ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರ್ರಿ ಹಿಡಿದ ಮೀನಿನದು. ಅದನ್ನು ಸರಿಗಟ್ಟಿದ, ಹತ್ತು ಕಿಲೋ ದಾಟಿದ ಮೀನನ್ನು 2009ರಲ್ಲಿ ಮನಾಬು ಕುರಿತಾ ಹಿಡಿದದ್ದು ಜಪಾನಿನ ಬಿವಾ ಸರೋವರದಲ್ಲಿ. ನಮ್ಮ ಹುಡುಗರು ಆ ಫೋಟೊವನ್ನು ಬೆರಗಿನಿಂದ ನೋಡುತ್ತಾರೆ. ಆದರೆ ಅದೇ ಬಿವಾ ಸರೋವರದಲ್ಲಿ, ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡಕೂಡದೆಂದು ಶಿಗಾ ಪ್ರಾಂತ್ಯದ ಆಡಳಿತ 2003ರಿಂದ ನಿಯಮ ಜಾರಿಗೆ ತಂದಿದೆ, ಹಿಡಿದದ್ದನ್ನು ಹಾಕಲು ದಂಡೆಯಲ್ಲಿ ಪೆಟ್ಟಿಗೆಗಳನ್ನೂ ಇರಿಸಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಅಲ್ಲಿನ ಜನ ಅನ್ನದಲ್ಲಿ ಹುದುಗಿಸಿ ತಲೆತಲಾಂತರದಿಂದ ತಿನ್ನುತ್ತ ಬಂದ ಸ್ಥಳೀಯ ಮೀನು ಕಡಿಮೆಯಾಗಲು ಬಾಸ್ ಮತ್ತು ಬ್ಲೂಗಿಲ್ ಕಾರಣಗಳಲ್ಲಿ ಸೇರಿವೆ. ಬ್ಲೂಗಿಲ್ ಜಪಾನಿಗೆ ಬಂದದ್ದು 1960ರಲ್ಲಿ, ಆಗ ಯುವರಾಜರಾಗಿದ್ದ ಅಕಿಹಿತೊ ಅವರಿಗೆ ಷಿಕಾಗೊದಲ್ಲಿ ಸಿಕ್ಕ ಉಡುಗೊರೆಯಾಗಿ. ಸ್ವತಃ ಮೀನುಶಾಸ್ತ್ರ ಬಲ್ಲ ಆ ದೊರೆ, ಚಕ್ರವರ್ತಿಯಾದ ಮೇಲೆ 2007ರಲ್ಲಿ, ಅದರಿಂದಾದ ಹಾನಿಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಅಷ್ಟು ಹೊತ್ತಿಗೆ ಬಾಸ್ ಮತ್ತು ಬ್ಲೂಗಿಲ್ ಎರಡನ್ನೂ ಆಕ್ರಮಣಕಾರಿ ಅನ್ಯಜೀವಿಗಳ ಕಾನೂನಿನಡಿ ಸೇರಿಸಿಯಾಗಿತ್ತು. ಗ್ವಾಟೆಮಾಲಾದ ಅತಿತ್ಲಾನ್ ಸರೋವರದ ಕಥೆ ಇನ್ನೂ ದುಃಖದ್ದು: ಪ್ರವಾಸಿಗರ ಗಾಳಕ್ಕೆಂದು 1958ರ ಸುಮಾರಿಗೆ ಅಲ್ಲಿ ಬಿಟ್ಟ ಬಾಸ್, ಅಲ್ಲಿ ಮಾತ್ರವೇ ಬದುಕಿದ್ದ ಹಾರಲಾರದ ಒಂದು ಮುಳುಗುಹಕ್ಕಿಯ ಆಹಾರವನ್ನೂ ಮರಿಗಳನ್ನೂ ತಿಂದಿತು, ಮತ್ತು ಆ ಹಕ್ಕಿ ಭೂಮಿಯಿಂದ ಅಳಿದುಹೋಗಲು ಅದೂ ಒಂದು ಕಾರಣವಾಯಿತು.

ದೂರದ ಉದಾಹರಣೆ ಬೇಡವೆನ್ನುವವರು ನಮ್ಮ ಜಿಲೇಬಿ ಮೀನನ್ನೇ ನೋಡಬಹುದು. ಆಫ್ರಿಕಾ ಮೂಲದ ಆ ತಿಲಾಪಿಯಾ ಭಾರತಕ್ಕೆ ಬಂದದ್ದು 1952ರಲ್ಲಿ. ಇಂದು ಅದು ಇಲ್ಲದ ಕೆರೆ ಹುಡುಕುವುದು ಕಷ್ಟ. ಸರ್ಕಾರ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಹೊಂಡಗಳಿಂದ ನದಿಗಳಿಗೆ ಸೇರಿಬಿಟ್ಟಿದೆ. ಗೋವಾದಲ್ಲಿ ಮಳೆಗಾಲ ಎಂದರೇನೆಂದು ಇಲ್ಲಿರುವವರಿಗೆ ಹೇಳಬೇಕಿಲ್ಲ: ಜುಲೈ ತಿಂಗಳಲ್ಲಿ ಕೋಡಿ ಬೀಳದ ಕೆರೆಯಿಲ್ಲ, ಗದ್ದೆಯಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ ನೀರು ಒಂದಾಗಿ ಹರಿಯುತ್ತದೆ. ಆಗ ‘ಖಾಸಗಿ ಕೊಳ’ ಎಂಬ ಮಾತಿಗೆ ಮೀನಿನ ಮಟ್ಟಿಗೆ ಯಾವ ಅರ್ಥವೂ ಉಳಿಯುವುದಿಲ್ಲ. ಆ ಹಳ್ಳಗಳು ಸೇರುವುದು ಮಹದಾಯಿಯಂಥ ನದಿಗಳನ್ನು. ಪಶ್ಚಿಮ ಘಟ್ಟದ ನದಿಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಎಷ್ಟೋ ಸಣ್ಣ ಮೀನುಗಳಿವೆ. ಕೊಳದಲ್ಲಿ ಬೇಟೆಗಾರ ಮೀನು ಬೆಳೆಸಿ ಗಾಳಕ್ಕೆ ಬಿಡಬೇಕೆಂಬ ಆಸೆ ಇರುವ ಜಮೀನುದಾರರಿಗೆ ದಾರಿ ಇಲ್ಲವೆಂದಲ್ಲ. ಚೆನ್ನೈನ ಕೇಂದ್ರೀಯ ಹಿನ್ನೀರು ಜಲಕೃಷಿ ಸಂಸ್ಥೆ 1997ರಲ್ಲೇ ಚೊಣಕ್ ಮೀನನ್ನು ಬಂಧನದಲ್ಲಿ ಮರಿಮಾಡಿಸಿ ತೋರಿಸಿದೆ, ಇಂದು ಅದರ ಮರಿಗಳು ಸಾಕಣೆಗೆ ಸಿಗುತ್ತವೆ. ಅದು ಸಿಹಿನೀರಿನಲ್ಲೂ ಬೆಳೆಯುತ್ತದೆ, ನಮ್ಮದೇ ಕರಾವಳಿಯ ಮೀನು, ಬಾಸ್‌ಗಿಂತ ಹೆಚ್ಚು ರೋಮಾಂಚನ ಕೊಡುವ ಮೀನು.

ಖಾಜಾನ್ ಗದ್ದೆಗಳ ಬಗ್ಗೆ ಪ್ರತ್ಯೇಕವಾಗಿ ಬರೆಯಲೇಬೇಕು, ಏಕೆಂದರೆ ಹೊರಗಿನಿಂದ ಬಂದ ನಮ್ಮವರು ತಿಳಿಯದೆ ಇಲ್ಲಿಯ ಜನರ ಮನಸ್ಸು ನೋಯಿಸುತ್ತಿದ್ದಾರೆ. ಖಾಜಾನ್ ಎಂದರೆ ನದಿಯ ಉಪ್ಪುನೀರಿನಿಂದ ಬದು ಕಟ್ಟಿ ಬಿಡಿಸಿಕೊಂಡ ತಗ್ಗು ಭೂಮಿ. ಶತಮಾನಗಳ ಹಿಂದೆ ಗಾಂವಕರಿ ಪದ್ಧತಿಯಲ್ಲಿ ಊರ ಜನ ಒಟ್ಟಾಗಿ ಕಟ್ಟಿದ್ದು. ಬದುವಿನಲ್ಲಿ ಮಾನಸ್ ಎಂಬ ಮರದ ಬಾಗಿಲಿನ ತೂಬು ಇರುತ್ತದೆ. ಇಳಿತದಲ್ಲಿ ಒಳಗಿನ ನೀರಿನ ಒತ್ತಡಕ್ಕೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಭರತದಲ್ಲಿ ಹೊರಗಿನ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಒಳಗಡೆ ನೀರು ನಿಲ್ಲುವ ಆಳದ ಭಾಗಕ್ಕೆ ಪೊಯಿಂ ಎನ್ನುತ್ತಾರೆ. ಚೊಣಕ್, ಶೆವ್ಟೊ, ಕಾಳುಂದರ, ಸೀಗಡಿ, ಏಡಿ ಎಲ್ಲ ಅಲ್ಲಿ ಬೆಳೆಯುತ್ತವೆ. ಇಳಿತದ ಹೊತ್ತಿಗೆ ಮಾನಸಿನ ಬಾಯಲ್ಲಿ ಮೀನು ಕೂಡುವುದರಿಂದ ಲ್ಯೂರ್ ಎಸೆಯುವವರ ಕಣ್ಣು ಮೊದಲು ಬೀಳುವುದು ಅಲ್ಲೇ. ಆದರೆ ಆ ಬಾಯಲ್ಲಿ ಬಲೆ ಹಾಕುವ ಹಕ್ಕನ್ನು ಊರಿನ ಗೇಣಿದಾರರ ಸಂಘ ಹರಾಜು ಹಾಕಿರುತ್ತದೆ, ಒಬ್ಬ ಮನುಷ್ಯ ಹಣ ಕಟ್ಟಿ ಅದನ್ನು ಪಡೆದಿರುತ್ತಾನೆ, ಬದು ದುರಸ್ತಿಯಾಗಬೇಕಾದದ್ದು ಆ ಹಣದಿಂದ. ಅಲ್ಲಿ ಹೋಗಿ ‘ಒಂದೇ ಮೀನು ಹಿಡಿದು ಬಿಡುತ್ತೇನೆ’ ಎನ್ನುವುದು ಬೇರೊಬ್ಬರ ಬೆಳೆಯ ನಡುವೆ ನುಗ್ಗಿದಂತೆ. ಬದುವಿನ ಮೇಲೆ ಸಿಕ್ಕ ಹಿರಿಯರನ್ನು ‘ಬಾಬ್, ಹಾಂಗಾ ಗರಯ್ ಘಾಲೂಂಕ್ ಜಾತಾ?’ (ಇಲ್ಲಿ ಗಾಳ ಹಾಕಬಹುದೇ?) ಎಂದು ಕೊಂಕಣಿಯಲ್ಲಿ ಕೇಳಿದರೆ, ಎಲ್ಲಿ ಎಸೆಯಬಹುದು, ಎಲ್ಲಿ ಬೇಡ ಎಂದು ಅವರೇ ತೋರಿಸುತ್ತಾರೆ. ಕೇಳದೆ ಎಸೆದವರಿಂದಾಗಿ ಕೇಳಿದವರಿಗೂ ‘ನಾ’ ಎನ್ನುವ ದಿನ ಬರಬಾರದು. ಬದುವಿನ ಮಣ್ಣನ್ನು ಕೆದಕಬಾರದು, ಏಡಿ ಕೊರೆದ ಸಣ್ಣ ಬಿಲದಿಂದಲೂ ಬದು ಒಡೆದು ಇಡೀ ಗದ್ದೆಗೆ ಉಪ್ಪು ನುಗ್ಗುತ್ತದೆ. ದೇವಸ್ಥಾನದ ತಳಿಗಳಲ್ಲಿ, ಅಂದರೆ ಪುಷ್ಕರಿಣಿಗಳಲ್ಲಿ, ಗಾಳ ಹಾಕಬಾರದೆಂದು ಹೇಳಬೇಕಾದ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ.

ಅಪಾಯದ ಜಾಗಗಳೂ ಇವೆ. ಮಾಂಡವಿ ಮತ್ತು ಜುವಾರಿಯನ್ನು ಜೋಡಿಸುವ ಕುಂಬಾರ್‌ಜುವಾ ಕಾಲುವೆಯಲ್ಲಿ ಮೊಸಳೆಗಳಿವೆ, ಅಲ್ಲಿಯ ದಂಡೆಯಲ್ಲಿ ನೀರಿಗಿಳಿಯುವುದಿರಲಿ, ಅಂಚಿಗೆ ಕುಕ್ಕರಿಸುವುದೂ ಸಲ್ಲದು. ಮುರಕಲ್ಲು ತೆಗೆದು ಬಿಟ್ಟ ಕ್ವಾರಿ ಹೊಂಡಗಳು ನೋಡಲು ಸಣ್ಣ ಕೆರೆಯಂತೆ ಕಾಣುತ್ತವೆ, ಆದರೆ ಅವುಗಳ ಗೋಡೆ ನೇರವಾಗಿ ಆಳಕ್ಕೆ ಇಳಿಯುತ್ತದೆ; ಕಾಲು ಜಾರಿದವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈಜು ಬರದವರು, ಒಬ್ಬರೇ ಇರುವವರು ಅಲ್ಲಿಗೆ ಹೋಗಲೇಬಾರದು. ಮಳೆಗಾಲದಲ್ಲಿ ಕಾಲಿಗೆ ಗಾಯವಿದ್ದರೆ ನಿಂತ ನೀರಿಗೆ ಇಳಿಯದಿರುವುದು ಕ್ಷೇಮ, ಇಲಿ ಜ್ವರ ಬರುವುದು ಹಾಗೆಯೇ. ತುಂಡಾದ ದಾರವನ್ನು ಜೇಬಿನಲ್ಲಿಟ್ಟು ಮನೆಗೆ ತರಬೇಕು. ಜೊಂಡಿನಲ್ಲಿ ಬಿಟ್ಟುಬಂದ ಹೆಣೆದ ದಾರ ಕೊಳೆಯುವುದಿಲ್ಲ. ನೀರುಕಾಗೆಯ ಕಾಲಿಗೋ ಬೆಳ್ಳಕ್ಕಿಯ ರೆಕ್ಕೆಗೋ ಸುತ್ತಿಕೊಂಡರೆ ಆ ಹಕ್ಕಿ ಹಸಿದು ಸಾಯುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಗೋವಾ, ಬೆಳಗಾವಿ, ಕಾರವಾರ ಭಾಗದ ಓದುಗರಿಗೆ ತಲುಪುವ ಪುಟಗಳಲ್ಲಿ, ಮಳೆಗಾಲ ಹಿಡಿಯುವ ಮುನ್ನ, ನಮ್ಮ ಕೆರೆ ಮತ್ತು ಹಿನ್ನೀರಿನ ಬೇಟೆಗಾರ ಮೀನುಗಳ ಚಿತ್ರ, ಕನ್ನಡ ಮತ್ತು ಕೊಂಕಣಿ ಹೆಸರು, ಅವು ಮರಿಮಾಡುವ ತಿಂಗಳು, ಬಿಟ್ಟುಬಿಡಬೇಕಾದ ಗಾತ್ರ ಇವನ್ನು ಮೀನುಗಾರಿಕೆ ಇಲಾಖೆಯ ತಜ್ಞರಿಂದ ಬರೆಸಿ ಪ್ರಕಟಿಸಬೇಕು. ಇಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳು ಈ ಪತ್ರವನ್ನು ಓದಿದರೆ, ಅನುಮತಿ ಪಡೆದ ಒಂದು ಸಣ್ಣ ಕೆರೆಯ ದಂಡೆಯಲ್ಲಿ ಮಕ್ಕಳಿಗೆ ಗಂಟು ಕಟ್ಟುವುದು, ಹುಳು ಪೋಣಿಸುವುದು, ಒದ್ದೆ ಕೈಯಲ್ಲಿ ಮೀನನ್ನು ಹೊಟ್ಟೆಗೆ ಆಸರೆ ಕೊಟ್ಟು ಹಿಡಿದು ನೀರಿಗೆ ಬಿಡುವುದು ಇವನ್ನು ಕಲಿಸುವ ಒಂದು ಬೆಳಗಿನ ತರಗತಿ ಏರ್ಪಡಿಸಲಿ. ಕಲಿಸಲು ಬರುವುದಕ್ಕೆ ನಾನೂ, ನನ್ನಂಥ ಇನ್ನು ಕೆಲವರೂ ಸಿದ್ಧರಿದ್ದೇವೆ, ರಾಡ್‌ಗಳನ್ನು ನಾವೇ ತರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಫೋಂಡಾದ ಒಬ್ಬ ಓದುಗ